ಎತ್ತರದ ಆಟಗಾರನ ಯೋಗ್ಯತಾ ಪರೀಕ್ಷೆ: ಕಾಲೇಜು ಬ್ಯಾಸ್ಕೆಟ್‌ಬಾಲಿನಿಂದ ವೃತ್ತಿಯ ಕಡೆಗೆ

ಶಿವಮೊಗ್ಗ, ಭದ್ರಾವತಿಗಳ ಕಾಲೇಜುಗಳಿಗೆ ಪ್ರತಿವರ್ಷ ಸೇರುವ ತರುಣರಲ್ಲಿ ಉಳಿದವರಿಗಿಂತ ತಲೆಯಷ್ಟು ಎತ್ತರವಾಗಿ ಕಾಣುವವರು ಒಬ್ಬಿಬ್ಬರು ಇರುವುದುಂಟು. ಅಂಥವನು ದೈಹಿಕ ಶಿಕ್ಷಣ ನಿರ್ದೇಶಕರ ಕಣ್ಣಿಗೆ ಬಿದ್ದೊಡನೆ ಬ್ಯಾಸ್ಕೆಟ್‌ಬಾಲ್ ತಂಡವನ್ನು ಸೇರುತ್ತಾನೆ. ಅಂತರಕಾಲೇಜು ಪಂದ್ಯಗಳಲ್ಲಿ ಕುಳ್ಳಗಿನ ಎದುರಾಳಿಗಳ ತಲೆಯ ಮೇಲಿಂದ ಚೆಂಡನ್ನು ಹಿಡಿದು ನಾಲ್ಕಾರು ಸಲ ರಿಂಗಿಗೆ ಹಾಕಿದನೆಂದರೆ, ಇವನು ಮುಂದೆ ದೊಡ್ಡ ಆಟಗಾರನಾಗುವನೆಂಬ ಮಾತು ಹುಟ್ಟುತ್ತದೆ. ಆ ಮಾತನ್ನು ನಂಬಿ ತರುಣನು ವ್ಯಾಸಂಗವನ್ನು ಅಲಕ್ಷ್ಯ ಮಾಡಿದರೆ, ಅಥವಾ ಅದನ್ನು ನಂಬದೆ ತಂದೆತಾಯಿಗಳು ಅವನನ್ನು ಆಟದಿಂದಲೇ ಬಿಡಿಸಿದರೆ, ಎರಡೂ ನಷ್ಟವೇ. ಆದುದರಿಂದ ಇಂಥ ತರುಣನ ಮುಂದಿನ ಸಾಧ್ಯತೆಯನ್ನು ಯಾವ ಆಧಾರಗಳ ಮೇಲೆ ಅಳೆಯಬೇಕು, ಆ ಅಳತೆಯಿಂದ ಎಷ್ಟನ್ನು ಹೇಳಬಹುದು, ಎಷ್ಟನ್ನು ಹೇಳಬಾರದು ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಎತ್ತರವೆಂಬ ಅಳತೆ

ಬ್ಯಾಸ್ಕೆಟ್‌ಬಾಲಿನ ರಿಂಗು ನೆಲದಿಂದ 3.05 ಮೀಟರ್, ಎಂದರೆ ಹತ್ತು ಅಡಿ ಎತ್ತರದಲ್ಲಿದೆ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಜೇಮ್ಸ್ ನೈಸ್ಮಿತ್ ಈ ಆಟವನ್ನು ರೂಪಿಸಿದಂದಿನಿಂದ ಈ ಎತ್ತರ ಬದಲಾಗಿಲ್ಲ. ಭಾರತದ ವಯಸ್ಕ ಪುರುಷನ ಸರಾಸರಿ ಎತ್ತರ ಸುಮಾರು 165 ಸೆಂಟಿಮೀಟರ್. ಅಮೆರಿಕದ ವೃತ್ತಿ ಸಂಘವಾದ ಎನ್.ಬಿ.ಎ.ಯ ಆಟಗಾರರ ಸರಾಸರಿ ಸುಮಾರು ಎರಡು ಮೀಟರಿನಷ್ಟಿದ್ದು, ರಿಂಗಿನ ಬಳಿ ಆಡುವ ಸೆಂಟರ್ ಸ್ಥಾನದವರು ಇನ್ನೂ ಎತ್ತರದವರಾಗಿರುತ್ತಾರೆ. ನಮ್ಮ ಜಿಲ್ಲೆಯ ಪಂದ್ಯಗಳಲ್ಲಿ 190 ಸೆಂಟಿಮೀಟರಿನ ತರುಣನು ದೈತ್ಯನಂತೆ ಕಂಡರೂ, ಮೇಲಿನ ಮಟ್ಟದಲ್ಲಿ ಅವನು ಸೆಂಟರ್ ಆಗಲು ಕುಳ್ಳನೆನಿಸಿಕೊಳ್ಳುತ್ತಾನೆ. ಅಂಥವನಿಗೆ ರಿಂಗಿನಡಿಯ ಆಟವನ್ನಷ್ಟೇ ಕಲಿಸುವುದು ಅವನ ಮುಂದಿನ ದಾರಿಯನ್ನು ಮುಚ್ಚಿದಂತೆಯೇ ಸರಿ. ದೂರದಿಂದ ಗುರಿಯಿಡುವುದನ್ನೂ ಚೆಂಡನ್ನು ಪುಟಿಸುತ್ತ ಮುನ್ನುಗ್ಗುವುದನ್ನೂ ಅವನು ಮೊದಲಿನಿಂದಲೇ ಕಲಿಯಬೇಕು.

ಎತ್ತರಕ್ಕಿಂತಲೂ ಉಪಯುಕ್ತವಾದ ಅಳತೆಯೊಂದುಂಟು. ಆಟಗಾರನು ನೆಟ್ಟಗೆ ನಿಂತು ಕೈಯನ್ನು ಮೇಲೆತ್ತಿದಾಗ ಬೆರಳ ತುದಿ ಮುಟ್ಟುವ ಮಟ್ಟವೇ ಅದು. ಆಟವನ್ನು ಆಡುವುದು ನೆತ್ತಿಯಿಂದಲ್ಲ, ಕೈಗಳಿಂದ. ಎರಡು ಮೀಟರ್ ಎತ್ತರದವನೊಬ್ಬನ ಕೈ 262 ಸೆಂಟಿಮೀಟರನ್ನು ಮುಟ್ಟುವುದೆಂದೂ, 196 ಸೆಂಟಿಮೀಟರಿನ ಇನ್ನೊಬ್ಬನ ಕೈ ನೀಳವಾದ ತೋಳಿನ ದೆಸೆಯಿಂದ 265ನ್ನು ಮುಟ್ಟುವುದೆಂದೂ ಭಾವಿಸೋಣ. ಆಗ ಎರಡನೆಯವನೇ ರಿಂಗಿಗೆ ಹತ್ತಿರದವನು. ಸಾಮಾನ್ಯರಲ್ಲಿ ಚಾಚಿದ ಎರಡು ತೋಳುಗಳ ಉದ್ದ ಎತ್ತರಕ್ಕೆ ಹೆಚ್ಚುಕಡಮೆ ಸಮನಾಗಿರುತ್ತದೆ, ಎನ್.ಬಿ.ಎ. ಆಟಗಾರರಲ್ಲಿ ಅದು ಎತ್ತರಕ್ಕಿಂತ ಸರಾಸರಿ ನೂರಕ್ಕೆ ಆರರಷ್ಟು ಅಧಿಕ. ಗೋಡೆ, ಸೀಮೆಸುಣ್ಣ, ಅಳತೆಯ ಪಟ್ಟಿ ಇಷ್ಟಿದ್ದರೆ ಯಾವ ಕಾಲೇಜಿನಲ್ಲಿಯೂ ಈ ಅಳತೆಗಳನ್ನು ಬರೆದಿಡಬಹುದು. ಬರಿಗಾಲಿನಲ್ಲಿ ಅಳೆಯುವುದು ಮಾತ್ರ ಅವಶ್ಯ.

ಕೈ, ಕಾಲು, ಕಲಿಕೆ

ದೇಹದ ಅಳತೆ ದೊರೆತ ಮೇಲೆ ಪರೀಕ್ಷಿಸಬೇಕಾದುದು ಆ ದೇಹದ ಚಲನೆಯನ್ನು. ಜಾರ್ಜ್ ಮೈಕನ್ ಎಂಬ 6 ಅಡಿ 10 ಅಂಗುಲದ ಅಮೆರಿಕನ್ ತರುಣನು 1940ರ ದಶಕದ ಆರಂಭದಲ್ಲಿ ಡಿಪಾಲ್ ವಿಶ್ವವಿದ್ಯಾನಿಲಯಕ್ಕೆ ಬಂದಾಗ ದಪ್ಪ ಕನ್ನಡಕ ಧರಿಸಿದ್ದ, ನಡೆಯಲ್ಲಿ ಒರಟನಾಗಿದ್ದ ವಿದ್ಯಾರ್ಥಿ. ತರಬೇತುಗಾರ ರೇ ಮೆಯರ್ ಅವನಿಗೆ ಹಗ್ಗದಾಟ, ಮುಷ್ಟಿಯುದ್ಧದ ಅಭ್ಯಾಸ, ನೃತ್ಯ ಇವುಗಳ ಮೂಲಕ ಕಾಲಿನ ಚಲನೆಯನ್ನು ಕಲಿಸಿದನು; ರಿಂಗಿನ ಎಡಬಲಗಳಿಂದ ಎರಡು ಕೈಗಳಲ್ಲಿಯೂ ಸರದಿಯಂತೆ ಚೆಂಡು ಹಾಕಿಸಿದನು. ಆ ಅಭ್ಯಾಸ ಇಂದಿಗೂ ಮೈಕನ್‌ನ ಹೆಸರಿನಲ್ಲಿಯೇ ಬಳಕೆಯಲ್ಲಿದೆ. ಮುಂದೆ ಅವನು ಎಷ್ಟು ಪ್ರಬಲನಾದನೆಂದರೆ, 1951ರಲ್ಲಿ ಎನ್.ಬಿ.ಎ. ರಿಂಗಿನ ಕೆಳಗಣ ನಿರ್ಬಂಧಿತ ಪ್ರದೇಶದ ಅಗಲವನ್ನು ಆರು ಅಡಿಯಿಂದ ಹನ್ನೆರಡು ಅಡಿಗೆ ಹೆಚ್ಚಿಸಿತು.

ನೈಜೀರಿಯದ ಹಕೀಮ್ ಒಲಾಜುವಾನ್ ಈ ಆಟವನ್ನು ಆರಂಭಿಸಿದುದು ಸುಮಾರು ಹದಿನೈದನೆಯ ವಯಸ್ಸಿನಲ್ಲಿ. ಅದಕ್ಕೆ ಮೊದಲು ಅವನು ಫುಟ್‌ಬಾಲಿನ ಗೋಲಿಯಾಗಿಯೂ ಹ್ಯಾಂಡ್‌ಬಾಲ್ ಆಟಗಾರನಾಗಿಯೂ ಇದ್ದನು. ಅವನ ಪಾದಗಳ ಚುರುಕು ಆ ಆಟಗಳಿಂದ ಬಂದುದೆಂದು ತಜ್ಞರು ಭಾವಿಸುತ್ತಾರೆ. ಹೂಸ್ಟನ್ ವಿಶ್ವವಿದ್ಯಾನಿಲಯದಲ್ಲಿ ಆಡಿ 1984ರಲ್ಲಿ ಅವನು ಎನ್.ಬಿ.ಎ.ಗೆ ಮೊದಲನೆಯವನಾಗಿ ಆಯ್ಕೆಯಾದನು. ಇದರಿಂದ ನಾವು ತಿಳಿಯಬೇಕಾದುದುಂಟು. ಮಲೆನಾಡಿನ ಹಳ್ಳಿಯಿಂದ ಬಂದ ಎತ್ತರದ ಹುಡುಗನು ಕಾಲೇಜಿಗೆ ಬರುವವರೆಗೆ ಬ್ಯಾಸ್ಕೆಟ್‌ಬಾಲನ್ನೇ ಮುಟ್ಟಿಲ್ಲದಿರಬಹುದು. ಆದರೆ ಕಬಡ್ಡಿ ಆಡಿದ್ದರೆ ಸೊಂಟವನ್ನು ಬಗ್ಗಿಸಿ ನಿಲ್ಲುವುದು, ತಟ್ಟನೆ ದಿಕ್ಕು ಬದಲಿಸುವುದು, ಮೈಗೆ ಮೈ ತಗುಲಿದಾಗ ಹಿಂಜರಿಯದಿರುವುದು ಅವನಿಗೆ ಬಂದಿರುತ್ತವೆ. ವಾಲಿಬಾಲ್ ಆಡಿದ್ದರೆ ನೆಗೆಯುವ ಹೊತ್ತನ್ನು ಅರಿತಿರುತ್ತಾನೆ. ಆದುದರಿಂದ ಅವನ ವಯಸ್ಸನ್ನು ಮಾತ್ರವಲ್ಲದೆ ಆಟವನ್ನು ಎಷ್ಟು ಕಾಲದಿಂದ ಕಲಿತಿದ್ದಾನೆಂಬುದನ್ನೂ ಕೇಳಬೇಕು. ಮಳೆಗಾಲದ ನಾಲ್ಕು ತಿಂಗಳು ನಮ್ಮ ಕಡೆಯ ತೆರೆದ ಅಂಕಣಗಳಲ್ಲಿ ಅಭ್ಯಾಸ ಪದೇ ಪದೇ ನಿಂತುಹೋಗುವುದರಿಂದ, ಇಲ್ಲಿಯ ಒಂದು ವರ್ಷದ ಕಲಿಕೆ ಒಳಾಂಗಣ ಕ್ರೀಡಾಂಗಣವಿರುವ ನಗರದ ಒಂದು ವರ್ಷಕ್ಕೆ ಸಮನಲ್ಲ. ಎರಡು ವರ್ಷ ಮಾತ್ರ ಆಡಿದ ಹತ್ತೊಂಬತ್ತರ ತರುಣನೂ ಎಂಟು ವರ್ಷ ಆಡಿದ ಇಪ್ಪತ್ತಮೂರರ ತರುಣನೂ ಇಂದು ಸಮನಾಗಿ ಆಡಿದರೆ, ಮುಂದೆ ಬೆಳೆಯಲು ಮೊದಲನೆಯವನಿಗೇ ಅವಕಾಶ ಹೆಚ್ಚು.

ನೆಗೆತ, ಓಟಗಳು ಕಣ್ಣಿಗೆ ಬೇಗ ಬೀಳುವ ಗುಣಗಳು. ಆಟದ ತಿಳಿವಳಿಕೆ ಹಾಗೆ ಕಣ್ಣಿಗೆ ಬೀಳುವುದಿಲ್ಲ. ಸೆರ್ಬಿಯದ ನಿಕೋಲ ಯೋಕಿಚ್ ಹೆಚ್ಚು ನೆಗೆಯುವವನೂ ಅಲ್ಲ, ವೇಗವಾಗಿ ಓಡುವವನೂ ಅಲ್ಲ. 2014ರ ಆಯ್ಕೆಯಲ್ಲಿ ನಲವತ್ತು ಮಂದಿ ಅವನಿಗಿಂತ ಮುಂಚೆ ಆಯ್ಕೆಯಾದರು. ಅದೇ ಆಟಗಾರನು 2021, 2022, 2024ರಲ್ಲಿ ಎನ್.ಬಿ.ಎ.ಯ ಅತ್ಯುತ್ತಮ ಆಟಗಾರನೆಂಬ ಗೌರವ ಪಡೆದನು. ಚೆಂಡನ್ನು ಯಾರಿಗೆ, ಯಾವ ಕ್ಷಣದಲ್ಲಿ ಕೊಡಬೇಕೆಂಬ ಅರಿವೇ ಅವನ ಬಲ. ಪರೀಕ್ಷಕನು ಚೆಂಡು ಕೈಯಲ್ಲಿರುವಾಗಿನ ಆಟಕ್ಕಿಂತ, ಚೆಂಡು ಇಲ್ಲದಿರುವಾಗ ತರುಣನು ಎಲ್ಲಿ ನಿಲ್ಲುತ್ತಾನೆ, ಏನನ್ನು ನೋಡುತ್ತಾನೆ ಎಂಬುದನ್ನು ಗಮನಿಸಬೇಕಾದುದು ಇದಕ್ಕಾಗಿಯೇ.

ಅಂಕಿಗಳ ಬೆಲೆ

ಒಂದು ಪಂದ್ಯದಲ್ಲಿ ಹದಿನೈದು ರೀಬೌಂಡ್ ಹಿಡಿದನೆಂಬ ಸಂಗತಿಯೊಂದರಿಂದಲೇ ಏನೂ ತಿಳಿಯದು. ಗುರಿ ತಪ್ಪಿದ ಚೆಂಡುಗಳು ಎಷ್ಟು ಎಂಬುದನ್ನು ಮೊದಲು ಕೇಳಬೇಕು. ಅವನು ಅಂಕಣದಲ್ಲಿದ್ದ ಅವಧಿಯಲ್ಲಿ ಅಂಥ ಚೆಂಡುಗಳು ಅರವತ್ತಿದ್ದರೆ ಅವನ ಪಾಲು ನಾಲ್ಕನೆಯ ಒಂದು ಭಾಗ; ಮೂವತ್ತೇ ಇದ್ದರೆ ಅರ್ಧ. ನಮ್ಮ ಆರಂಭ ಸುತ್ತಿನ ಪಂದ್ಯಗಳಲ್ಲಿ ಗುರಿ ತಪ್ಪುವುದು ಹೆಚ್ಚಾದುದರಿಂದ ರೀಬೌಂಡುಗಳ ಸಂಖ್ಯೆ ಸಹಜವಾಗಿಯೇ ಉಬ್ಬಿರುತ್ತದೆ. ಎದುರಾಳಿಗಳಲ್ಲಿ ಅತ್ಯಂತ ಎತ್ತರದವನೇ 178 ಸೆಂಟಿಮೀಟರಿನವನಾಗಿದ್ದರೆ ಆ ಸಂಖ್ಯೆಯ ಬೆಲೆ ಮತ್ತಷ್ಟು ಇಳಿಯುತ್ತದೆ.

ಎದುರಾಳಿಯನ್ನು ಅವಲಂಬಿಸದ ಅಂಕಿಯೊಂದುಂಟು. ಅದು ಫ್ರೀ ಥ್ರೋ. ರೇಖೆ ಇರುವುದು ಹಿಂಬದಿ ಹಲಗೆಯ ಮುಂಭಾಗದಿಂದ 4.6 ಮೀಟರ್ ದೂರದಲ್ಲಿ. ಅಲ್ಲಿ ತಡೆಯುವವರು ಯಾರೂ ಇಲ್ಲ. ಶಂಕರಘಟ್ಟದಲ್ಲಾಗಲಿ ಷಿಕಾಗೋದಲ್ಲಾಗಲಿ ಅದು ಒಂದೇ ಪರೀಕ್ಷೆ. ನೂರಕ್ಕೆ ಎಪ್ಪತ್ತೈದು ಸಲ ಅಲ್ಲಿಂದ ಗುರಿ ಮುಟ್ಟುವ ಎತ್ತರದ ತರುಣನು ಮುಂದೆ ದೂರದಿಂದಲೂ ಎಸೆಯಬಲ್ಲನೆಂದು ಊಹಿಸಲು ಆಧಾರವಿದೆ. 6.75 ಮೀಟರ್ ದೂರದ ಮೂರು ಅಂಕಗಳ ರೇಖೆಯಿಂದ ಸೆಂಟರ್‌ಗಳೂ ಎಸೆಯುವ ಇಂದಿನ ಆಟದಲ್ಲಿ ಈ ಊಹೆಗೆ ಬಹಳ ಮಹತ್ವವುಂಟು. ಹಾಗೆಯೇ ಫೌಲುಗಳನ್ನು ಆಡಿದ ನಿಮಿಷಗಳೊಡನೆ ಹೋಲಿಸಿ ನೋಡಬೇಕು. ಅಂತರರಾಷ್ಟ್ರೀಯ ನಿಯಮದಂತೆ ಐದನೆಯ ಫೌಲಿಗೆ ಆಟಗಾರನು ಹೊರಗೆ. ಹತ್ತು ನಿಮಿಷಕ್ಕೆ ಎರಡು ಫೌಲ್ ಮಾಡುವವನು ನಲವತ್ತು ನಿಮಿಷದ ಪಂದ್ಯವನ್ನು ಮುಗಿಸಲಾರನು. ಅವನ ಕಾಲುಗಳು ಎದುರಾಳಿಗಿಂತ ತಡವಾಗಿ ಸ್ಥಳ ಸೇರುತ್ತಿವೆಯೆಂಬುದರ ಸೂಚನೆ ಅದು.

ಒಂದು ದಿನದ ಆಟದಿಂದ ತೀರ್ಮಾನಿಸಬಾರದೆಂಬುದಕ್ಕೆ ಭದ್ರಾವತಿಯವರಿಗೆ ಬೇರೆ ಉದಾಹರಣೆ ಬೇಕಿಲ್ಲ. 1949ರಲ್ಲಿ ಆ ಊರಿನಲ್ಲಿ ಜನಿಸಿದ ಜಿ. ಆರ್. ವಿಶ್ವನಾಥರು ಕುಳ್ಳಗಿನ ಮೈಕಟ್ಟಿನವರು. ಮೈಸೂರು ತಂಡದ ಪರವಾಗಿ ತಮ್ಮ ಮೊದಲ ರಣಜಿ ಪಂದ್ಯದಲ್ಲಿ ಆಂಧ್ರದ ವಿರುದ್ಧ ಅವರು 230 ಓಟಗಳನ್ನು ಗಳಿಸಿದರು. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ಆಡಿದ ಮೊದಲ ಟೆಸ್ಟಿನ ಮೊದಲ ಸರದಿಯಲ್ಲಿ ಅವರದು ಸೊನ್ನೆ, ಎರಡನೆಯದರಲ್ಲಿ 137. ಮೊದಲ ಸರದಿಯನ್ನಷ್ಟೇ ಕಂಡು ಮೈದಾನದಿಂದ ಎದ್ದುಹೋದವನು ಏನೆಂದು ವರದಿ ಬರೆದಿದ್ದಾನು! ಆಟ ಬೇರೆಯಾದರೂ ಪರೀಕ್ಷಕನು ಕಲಿಯಬೇಕಾದ ಪಾಠ ಒಂದೇ.

ಆರೋಗ್ಯದ ಪ್ರಶ್ನೆ

ಮೇಲೆ ಗುಣವೆಂದು ಹೇಳಿದ ನೀಳವಾದ ತೋಳು ಕೆಲವೊಮ್ಮೆ ರೋಗದ ಗುರುತೂ ಆಗಬಹುದೆಂಬುದನ್ನು ಅಧ್ಯಾಪಕರು ಅವಶ್ಯವಾಗಿ ಅರಿತಿರಬೇಕು. ಮಾರ್ಫನ್ ಎಂಬ ಆನುವಂಶಿಕ ವ್ಯಾಧಿಯಲ್ಲಿ ದೇಹದ ಬಂಧಕ ಅಂಗಾಂಶಗಳು ದುರ್ಬಲವಾಗಿರುತ್ತವೆ. ರೋಗಿಯು ಎತ್ತರವಾಗಿ ತೆಳ್ಳಗೆ ಬೆಳೆಯುತ್ತಾನೆ. ತೋಳು, ಬೆರಳುಗಳು ನೀಳವಾಗುತ್ತವೆ. ಹೃದಯದಿಂದ ಹೊರಡುವ ಮಹಾಪಧಮನಿ ಹಿಗ್ಗಿ, ಶ್ರಮದ ಹೊತ್ತಿನಲ್ಲಿ ಸೀಳಬಹುದು. 1984ರ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದ ಅಮೆರಿಕದ ವಾಲಿಬಾಲ್ ತಂಡದ ಫ್ಲೋ ಹೈಮನ್ 1986ರಲ್ಲಿ ಜಪಾನಿನಲ್ಲಿ ಪಂದ್ಯದ ನಡುವೆಯೇ ಕುಸಿದು ಮೃತಳಾದಳು. ಕಾರಣವು ಈ ವ್ಯಾಧಿಯೆಂದು ತಿಳಿದುದು ಮರಣೋತ್ತರ ಪರೀಕ್ಷೆಯಿಂದ. ಬೇಲರ್ ವಿಶ್ವವಿದ್ಯಾನಿಲಯದ ಐಸೇಯಾ ಆಸ್ಟಿನ್‌ನಲ್ಲಿ 2014ರಲ್ಲಿ ವೃತ್ತಿ ಆಯ್ಕೆಗೆ ಮುಂಚಿನ ವೈದ್ಯಪರೀಕ್ಷೆಯಲ್ಲಿಯೇ ಇದು ಪತ್ತೆಯಾಯಿತು. ಅಸಾಧಾರಣ ಎತ್ತರದ ವಿದ್ಯಾರ್ಥಿಯನ್ನೋ ವಿದ್ಯಾರ್ಥಿನಿಯನ್ನೋ ಕಠಿಣ ಅಭ್ಯಾಸಕ್ಕೆ ಹಚ್ಚುವ ಮುನ್ನ ಮೆಗ್ಗಾನ್ ಆಸ್ಪತ್ರೆಯಂಥ ಕಡೆ ವೈದ್ಯರಿಗೆ ತೋರಿಸಿ, ಅವರು ಸೂಚಿಸಿದರೆ ಹೃದಯದ ಎಕೋ ಪರೀಕ್ಷೆ ಮಾಡಿಸುವುದು ಕರ್ತವ್ಯವೇ ಹೊರತು ಉಪಚಾರವಲ್ಲ.

ಮೊಣಕಾಲು, ಪಾದಗಳ ವಿಚಾರವೂ ಹೀಗೆಯೇ. 2007ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಗ್ರೆಗ್ ಓಡನ್ ಮೊಣಕಾಲಿನ ನೋವಿನಿಂದ ಎನ್.ಬಿ.ಎ.ಯಲ್ಲಿ ಆಡಿದ ಲೀಗ್ ಪಂದ್ಯಗಳು ಒಟ್ಟು 105 ಮಾತ್ರ. ಭಾರವಾದ ದೇಹವನ್ನು ಸಿಮೆಂಟಿನ ಅಂಕಣದ ಮೇಲೆ ದಿನವೂ ನೆಗೆಸುವ ನಾವು ಈ ಸಂಗತಿಯನ್ನು ಮರೆಯಲಾಗದು.

ವೃತ್ತಿಯೆಂದರೇನು?

ಇಷ್ಟೆಲ್ಲ ಪರೀಕ್ಷೆಗಳಲ್ಲಿ ತೇರ್ಗಡೆಯಾದವನಿಗೆ ಮುಂದೆ ದೊರೆಯುವುದೇನು? ಎನ್.ಬಿ.ಎ.ಯ ವಾರ್ಷಿಕ ಆಯ್ಕೆಯಲ್ಲಿ ಲೋಕದ ಎಲ್ಲ ದೇಶಗಳಿಂದ ಸೇರಿ ಸುಮಾರು ಅರವತ್ತು ಮಂದಿಗೆ ಮಾತ್ರ ಸ್ಥಾನ. ಪಂಜಾಬಿನ ಬಲ್ಲೋಕೆ ಎಂಬ ಹಳ್ಳಿಯ ಸತ್ನಾಮ್ ಸಿಂಗ್ 7 ಅಡಿ 2 ಅಂಗುಲದ ತರುಣ. ಲೂಧಿಯಾನದಲ್ಲಿ ಕಲಿತು, 2010ರಲ್ಲಿ ವಿದ್ಯಾರ್ಥಿವೇತನದ ಮೇಲೆ ಫ್ಲಾರಿಡಕ್ಕೆ ಹೋಗಿ, 2015ರಲ್ಲಿ ಡಲ್ಲಾಸ್ ತಂಡಕ್ಕೆ 52ನೆಯವನಾಗಿ ಆಯ್ಕೆಯಾದನು. ಭಾರತದಲ್ಲಿ ಹುಟ್ಟಿದವರಲ್ಲಿ ಹೀಗೆ ಆಯ್ಕೆಯಾದ ಮೊದಲಿಗನು ಅವನೇ. ಆದರೂ ಎನ್.ಬಿ.ಎ.ಯ ಒಂದು ಲೀಗ್ ಪಂದ್ಯವನ್ನೂ ಅವನು ಆಡಲಿಲ್ಲ. ಮುಂದೆ ವೃತ್ತಿಪರ ಕುಸ್ತಿಯ ಕಡೆಗೆ ತಿರುಗಿದನು. ನಮ್ಮ ದೇಶದೊಳಗಿನ ಲೀಗುಗಳೂ ಸ್ಥಿರವಾಗಿ ನಿಂತಿಲ್ಲ. 2015ರಲ್ಲಿ ಆರಂಭವಾದ ಯು.ಬಿ.ಎ. ಲೀಗು 2017ರವರೆಗೆ ನಡೆದು ನಿಂತಿತು. ಬೆಂಗಳೂರೂ ಸೇರಿದಂತೆ ಆರು ನಗರಗಳ ತಂಡಗಳೊಡನೆ 2022ರಲ್ಲಿ ಬೇರೊಂದು ಲೀಗು ಮೊದಲಾಯಿತು.

ಆದುದರಿಂದ ನಮ್ಮಲ್ಲಿ ಆಟದ ವೃತ್ತಿಯೆಂದರೆ ಬಹುಕಾಲದಿಂದಲೂ ಸಂಸ್ಥೆಯೊಂದರಲ್ಲಿ ನೌಕರಿಯೆಂದೇ ಅರ್ಥ. ರೈಲ್ವೆ, ಸೇನೆ, ಬ್ಯಾಂಕು, ಪೊಲೀಸ್ ಇಲಾಖೆಗಳು ಆಟಗಾರರನ್ನು ನೇಮಿಸಿಕೊಳ್ಳುತ್ತ ಬಂದಿವೆ. 1918ರಲ್ಲಿ ಸ್ಥಾಪಿತವಾದ ಕಬ್ಬಿಣದ ಕಾರ್ಖಾನೆ, 1936ರ ಕಾಗದದ ಕಾರ್ಖಾನೆ ಇವುಗಳ ನೆರಳಿನಲ್ಲಿ ಬೆಳೆದ ಭದ್ರಾವತಿಗೆ ಸ್ಥಿರವಾದ ನೌಕರಿಯ ಬೆಲೆಯನ್ನು ವಿವರಿಸಬೇಕಾದುದಿಲ್ಲ. ಕಾಗದದ ಕಾರ್ಖಾನೆ 2010ರ ದಶಕದಲ್ಲಿ ಉತ್ಪಾದನೆ ನಿಲ್ಲಿಸಿದ ಮೇಲೆ, ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರಲ್ಲಿ ಪ್ರಕಟವಾಗಿ ಊರೆಲ್ಲ ಕಳವಳಗೊಂಡ ಮೇಲೆ, ಆ ಊರಿನ ಮನೆಗಳಲ್ಲಿ ಮಗನ ಆಟದ ಪ್ರಶ್ನೆ ಜೀವನೋಪಾಯದ ಪ್ರಶ್ನೆಯೂ ಆಗಿದೆ.

ಇಲ್ಲಿ ಅಧ್ಯಾಪಕರು ಹೇಳಬಹುದಾದ ಖಚಿತವಾದ ಮಾತೊಂದುಂಟು. ಕೇಂದ್ರ ಸರಕಾರದ ಕ್ರೀಡಾ ನೇಮಕದ ನಿಯಮಗಳಲ್ಲಿ ರಾಜ್ಯವನ್ನೋ ದೇಶವನ್ನೋ ಪ್ರತಿನಿಧಿಸಿದವರ ಜೊತೆಗೆ, ಅಂತರ ವಿಶ್ವವಿದ್ಯಾನಿಲಯ ಪಂದ್ಯಗಳಲ್ಲಿ ತಮ್ಮ ವಿಶ್ವವಿದ್ಯಾನಿಲಯವನ್ನು ಪ್ರತಿನಿಧಿಸಿದವರೂ ಅರ್ಹರೆನಿಸುತ್ತಾರೆ. ಬ್ಯಾಸ್ಕೆಟ್‌ಬಾಲ್ ಆ ಪಟ್ಟಿಯಲ್ಲಿದೆ. ಎಂದರೆ ಕುವೆಂಪು ವಿಶ್ವವಿದ್ಯಾನಿಲಯದ ತಂಡಕ್ಕೆ ಆಯ್ಕೆಯಾಗುವುದು ಗೌರವ ಮಾತ್ರವಲ್ಲ, ಬದುಕಿಗೆ ಉಪಯೋಗವಾಗುವ ಅರ್ಹತೆ. ಆದರೆ ಹುದ್ದೆಗೆ ನಿಗದಿಯಾದ ವಿದ್ಯಾರ್ಹತೆಯಿಂದ ಆಟಗಾರನಿಗೆ ವಿನಾಯಿತಿಯಿಲ್ಲ. ಪದವಿ ಕೇಳುವ ಹುದ್ದೆಗೆ, ಪದವಿಯನ್ನು ಅರ್ಧಕ್ಕೆ ಬಿಟ್ಟ ಎತ್ತರದ ತರುಣನಿಗಿಂತ ಅದನ್ನು ಮುಗಿಸಿದ ಸಾಧಾರಣ ಆಟಗಾರನೇ ಹತ್ತಿರದವನು.

ಮೇಲಿನ ವಿವೇಚನೆಯಿಂದ ಒಂದು ಕ್ರಮ ತಾನಾಗಿಯೇ ಏರ್ಪಡುತ್ತದೆ. ಕಾಲೇಜಿಗೆ ಸೇರಿದ ಎತ್ತರದ ಆಟಗಾರನ ಹೆಸರಿನಲ್ಲಿ ಒಂದು ಪುಸ್ತಕವಿಟ್ಟು, ಪದವಿಯ ಮೂರು ವರ್ಷವೂ ವರ್ಷಕ್ಕೆರಡು ಬಾರಿ ಎತ್ತರ, ಕೈಯೆತ್ತು, ತೋಳಿನ ಉದ್ದ, ನೆಗೆತ, ನೂರು ಫ್ರೀ ಥ್ರೋಗಳ ಫಲ, ಆಡಿದ ನಿಮಿಷಗಳು, ಫೌಲುಗಳು, ಗಾಯಗಳು ಇವಿಷ್ಟನ್ನು ಬರೆದಿಡಬೇಕು. ಯಾವ ಎದುರಾಳಿಯ ಮುಂದೆ ಆಡಿದನೆಂಬುದನ್ನೂ ಅದರಲ್ಲಿ ಕಾಣಿಸಬೇಕು. ಮೊದಲ ಪುಟಕ್ಕೂ ಕೊನೆಯ ಪುಟಕ್ಕೂ ಇರುವ ಅಂತರವೇ ಅವನ ಸಾಧ್ಯತೆಗೆ ಹೆಚ್ಚು ನಂಬಲರ್ಹವಾದ ಸಾಕ್ಷ್ಯ. ಎತ್ತರವು ಹುಟ್ಟಿನಿಂದ ಬಂದುದು. ಕಲಿಕೆಯ ವೇಗವು ಅವನದೇ ಗಳಿಕೆ. ಆ ಪುಸ್ತಕವನ್ನು ತರುಣನಿಗೂ ಅವನ ಮನೆಯವರಿಗೂ ಮುಚ್ಚುಮರೆಯಿಲ್ಲದೆ ತೋರಿಸಿ, ಇದ್ದುದನ್ನು ಇದ್ದಂತೆ ತಿಳಿಸಬೇಕು. ಹೊಗಳಿಕೆಯ ಭವಿಷ್ಯವಾಣಿಗಿಂತ ಇಂಥ ದಾಖಲೆ ಅವರಿಗೆ ಹೆಚ್ಚು ಉಪಕಾರಿಯಾಗುವುದರಲ್ಲಿ ಸಂದೇಹವಿಲ್ಲ.