ಸೇತುವೆ ದಾಟಿದರೆ ಹದಿನೈದು ನಿಮಿಷ ಮುಂದೆ

ಬೆಳಗ್ಗೆ ಐದಕ್ಕೆ ಅಲಾರಂ ಇಟ್ಟು ಮಲಗಿದ್ದೆ. ಅದು ಹೊಡೆದ ತಕ್ಷಣ ಎದ್ದು, ತಣ್ಣೀರಲ್ಲೇ ಮುಖ ತೊಳೆದು, ಬ್ಯಾಗ್ ಹೆಗಲಿಗೇರಿಸಿ ಕೆಳಗೆ ಬಂದರೆ ಜೀಪೂ ಇಲ್ಲ, ಡ್ರೈವರೂ ಇಲ್ಲ. ಒಲೆ ಮುಂದೆ ಚಹಾ ಕಾಯಿಸುತ್ತಿದ್ದ ಹೋಂಸ್ಟೇ ಆಂಟಿ ನನ್ನ ಮೊಬೈಲ್ ನೋಡಿ ನಕ್ಕುಬಿಟ್ಟರು. "ಇನ್ನೂ ಪೌಣೇ ಪಾಂಚ್ ಬೇಟಾ. ನಿನ್ನ ಫೋನು ರಾತ್ರಿನೇ ನೇಪಾಳಕ್ಕೆ ಹೋಗಿದೆ!"

ಇದು ಧಾರ್ಚುಲಾ. ಉತ್ತರಾಖಂಡದ ಪಿಥೋರಾಗಢ ಜಿಲ್ಲೆಯ ಗಡಿ ಪಟ್ಟಣ. ಟನಕ್‌ಪುರದಲ್ಲಿ ರೈಲು ಇಳಿದ ಮೇಲೂ ಸುಮಾರು 240 ಕಿ.ಮೀ. ಬೆಟ್ಟದ ರಸ್ತೆ ಸುತ್ತಬೇಕು. ಊರಿಗೆ ಅಂಟಿಕೊಂಡೇ ಕಾಳಿ ನದಿ ಹರಿಯುತ್ತದೆ (ನಮ್ಮ ದಾಂಡೇಲಿಯ ಕಾಳಿ ಅಲ್ಲ, ಹೆಸರು ಮಾತ್ರ ಒಂದೇ). ಆಚೆ ದಡ ನೇಪಾಳ. ಅಲ್ಲಿನ ಪಟ್ಟಣದ ಹೆಸರೂ ದಾರ್ಚುಲಾ! ನಡುವೆ ಜನ ನಡೆದು ದಾಟುವ ಒಂದು ತೂಗುಸೇತುವೆ. ನೇಪಾಳದ ಗಡಿಯಾರ 1986ರಿಂದ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದಿದೆ. ಆ ಕಡೆಯ ಟವರ್ ಸಿಕ್ಕರೆ ಫೋನು ತನ್ನಷ್ಟಕ್ಕೆ ತಾನೇ ಟೈಮ್ ಬದಲಿಸಿಕೊಳ್ಳುತ್ತದೆ. ಆಫೀಸಿನಲ್ಲಿ ಟೈಮ್‌ಝೋನ್ ಕೋಡ್ ಬರೆದು ಅಭ್ಯಾಸವಿದ್ದ ನನಗೆ 5:45 ಅನ್ನೋದು ಪಟ್ಟಿಯಲ್ಲಿನ ಒಂದು ಸಾಲು ಅಷ್ಟೇ ಆಗಿತ್ತು. ಅದು ಒಂದು ನದಿಯ ಅಗಲದಲ್ಲಿ ಇರುತ್ತದೆ ಅಂತ ಗೊತ್ತಾಗಿದ್ದು ಇಲ್ಲಿ.

'ಧಾರ್' ಅಂದರೆ ಬೆಟ್ಟದ ಏಣು, 'ಚೂಲ್ಹಾ' ಅಂದರೆ ಒಲೆ. ಸುತ್ತಲಿನ ಬೆಟ್ಟಗಳು ಒಲೆಯ ಕಲ್ಲುಗಳ ಹಾಗೆ ನಿಂತಿವೆ, ಅದಕ್ಕೇ ಈ ಹೆಸರು ಅನ್ನುತ್ತಾರೆ.

ಜೀಪು ಬರುವವರೆಗೆ ಚಹಾ ಕುಡಿಯುತ್ತಾ ಮಾತಿಗೆ ಕೂತೆವು. ಆಂಟಿ ರಂಗ್ ಸಮುದಾಯದವರು. ಬ್ಯಾಂಸ್, ದಾರ್ಮಾ, ಚೌದಾಂಸ್ ಈ ಮೂರು ಕಣಿವೆಗಳು ಅವರ ನೆಲೆ. ಬೇಸಿಗೆಯಲ್ಲಿ ಮೇಲಿನ ಹಳ್ಳಿ, ಹಿಮ ಬೀಳುವ ಹೊತ್ತಿಗೆ ಕೆಳಗೆ ಧಾರ್ಚುಲಾ. ಹಿಂದೆಲ್ಲ ಇವರು ಲಿಪುಲೇಖ್ ಕಣಿವೆದಾರಿ ಹತ್ತಿ ಟಿಬೆಟ್‌ನ ತಕ್ಲಾಕೋಟ್‌ಗೆ ಧಾನ್ಯ, ಬೆಲ್ಲ, ಬಟ್ಟೆ ಒಯ್ದು ಉಪ್ಪು, ಉಣ್ಣೆ ತರುತ್ತಿದ್ದರು. ಆ ದಾರಿ 5,000 ಮೀಟರಿಗಿಂತಲೂ ಎತ್ತರ. 1962ರ ಯುದ್ಧದಿಂದ ವ್ಯಾಪಾರ ನಿಂತಿತು. 1992ರಲ್ಲಿ ಮತ್ತೆ ಶುರುವಾದರೂ ಹಳೆಯ ಕಳೆ ಬರಲಿಲ್ಲ.

ಆಂಟಿಯ ತವರು ಛಾಂಗ್ರು. ಅದೂ ಬ್ಯಾಂಸ್ ಜನರದ್ದೇ ಹಳ್ಳಿ, ಆದರೆ ನೇಪಾಳದಲ್ಲಿದೆ. ಒಂದೇ ಭಾಷೆ, ಒಂದೇ ದೇವರು, ಎರಡು ದೇಶ! ಈ ಗೆರೆ ಎಳೆದವರು ಇಲ್ಲಿಯವರಲ್ಲ. 1790ರಲ್ಲಿ ಗೂರ್ಖಾಗಳು ಕುಮಾವೂಂ ಗೆದ್ದಾಗ ಕಾಳಿಯ ಎರಡೂ ದಡ ಅವರದ್ದೇ. 1814–16ರ ಯುದ್ಧದಲ್ಲಿ ಈಸ್ಟ್ ಇಂಡಿಯಾ ಕಂಪನಿ ಗೆದ್ದು, ಸುಗೌಲಿ ಒಪ್ಪಂದದಲ್ಲಿ ಕಾಳಿಯೇ ಗಡಿಯಾಯಿತು. ಆದರೂ ಹೆಣ್ಣು ಕೊಡೋದು ತರೋದು ನಿಲ್ಲಲಿಲ್ಲ. 1950ರ ಒಪ್ಪಂದದಿಂದಾಗಿ ಇವತ್ತಿಗೂ ಪಾಸ್‌ಪೋರ್ಟ್, ವೀಸಾ ಬೇಕಿಲ್ಲ.

"ಹಾಗಾದ್ರೆ ತವರಿಗೆ ದಿನಾ ಹೋಗಬಹುದಲ್ಲ ಆಂಟಿ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಸೇತುವೆಗೆ ಬೀಗ ಬಿತ್ತು. ಕೂಲಿಗೆ ಬಂದಿದ್ದ ನೇಪಾಳಿಗಳು ಈ ದಡದಲ್ಲೇ ಸಿಕ್ಕಿಕೊಂಡರು. ಕೆಲವರು ಪ್ರಾಣದ ಆಸೆ ಬಿಟ್ಟು ನದಿಗೆ ಹಾರಿ ಈಜಿದ್ದೂ ಉಂಟು. ಚಳಿಗಾಲಕ್ಕೆಂದು ಛಾಂಗ್ರುವಿನಿಂದ ಇಳಿದಿದ್ದ ಆಂಟಿಯ ಅಮ್ಮ ಎದುರು ದಡದ ಮನೆಯಲ್ಲಿದ್ದರು, ಹುಷಾರಿರಲಿಲ್ಲ. ಕೂಗಿದರೆ ಕಾಳಿಯ ಸದ್ದಿನಲ್ಲಿ ಏನೂ ಕೇಳಿಸದು. "ಕಣ್ಣಿಗೆ ಕಾಣೋ ಮನೆಗೆ ಐಎಸ್‌ಡಿ ಕಾಲ್ ಮಾಡ್ತಿದ್ದೆ ಬೇಟಾ. ಅಮ್ಮ ಅಂಗಳಕ್ಕೆ ಬಂದು ಶಾಲು ಬೀಸೋರು. ಅಷ್ಟೇ."

ಅದೇ ಮೇ 8ರಂದು ಲಿಪುಲೇಖ್ ಕಡೆಗಿನ ಹೊಸ ರಸ್ತೆಯನ್ನು ನಮ್ಮ ರಕ್ಷಣಾ ಸಚಿವರು ಉದ್ಘಾಟಿಸಿದರು. ನೇಪಾಳ ತಕರಾರು ತೆಗೆದು ಹೊಸ ನಕ್ಷೆ ಹೊರಡಿಸಿತು. ಜಗಳದ ಮೂಲ ಕಾಳಿ ಎಲ್ಲಿ ಹುಟ್ಟುತ್ತದೆ ಅನ್ನೋದು. ಕಾಲಾಪಾನಿ ಬಳಿ ಎಂದು ಭಾರತ, ಲಿಂಪಿಯಾಧುರಾದಲ್ಲಿ ಎಂದು ನೇಪಾಳ. ಟಿವಿಯಲ್ಲಿ ಎರಡೂ ಕಡೆಯವರು ಕೂಗಾಡುತ್ತಿದ್ದರೆ, ಇಲ್ಲಿ ಸೇತುವೆ ಯಾವಾಗ ತೆರೆಯುತ್ತದೆ ಅನ್ನೋದೊಂದೇ ಪ್ರಶ್ನೆಯಾಗಿತ್ತು.

ನಮ್ಮವರಿಗೂ ಈ ದಾರಿ ಹೊಸದಲ್ಲ. 1981ರಿಂದ ಕೈಲಾಸ ಮಾನಸ ಸರೋವರ ಯಾತ್ರೆ ಇಲ್ಲಿಂದಲೇ ಸಾಗುತ್ತಿತ್ತು. 1998ರ ಆಗಸ್ಟ್‌ನಲ್ಲಿ ಮೇಲಿನ ಮಾಲ್ಪಾದಲ್ಲಿ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಹೋದರು. ಅವರಲ್ಲಿ ಹೆಸರಘಟ್ಟದ ನೃತ್ಯಗ್ರಾಮ ಕಟ್ಟಿದ ಪ್ರೊತಿಮಾ ಬೇಡಿಯೂ ಒಬ್ಬರು. ಈ ಬೆಟ್ಟಗಳು ಇನ್ನೂ ಎಳೆಯವು, ಮಳೆಗಾಲದಲ್ಲಿ ಇವನ್ನು ನಂಬುವ ಹಾಗಿಲ್ಲ.

ಅಷ್ಟರಲ್ಲಿ ಜೀಪಿನ ಹಾರ್ನ್ ಕೇಳಿಸಿತು. ಗುಂಜಿಗೆ ಹೋಗಿ ಎರಡು ದಿನ ಬಿಟ್ಟು ವಾಪಸ್ ಬಂದಾಗ ಆಂಟಿ ತವರಿಗೆ ಹೊರಟಿದ್ದರು. ನಾನೂ ಜೊತೆಗೆ ಹೋದೆ. ಕಾವಲಿನವರಿಗೆ ಆಧಾರ್ ಕಾರ್ಡ್ ತೋರಿಸಿ, ಅಲ್ಲಾಡುವ ಹಲಗೆ ಮೇಲೆ ನೂರಾರು ಹೆಜ್ಜೆ. ಆಚೆ ದಡದಲ್ಲಿ ಅಜ್ಜಿ ಬಾಗಿಲಲ್ಲೇ ಕೂತಿದ್ದರು. ಮಗಳನ್ನು ನೋಡಿ, "ಯಾಕೆ ಇಷ್ಟು ತಡ?" ಅಂತ ರೇಗಿದರು.

ಆಂಟಿ ಗೋಡೆ ಗಡಿಯಾರ ತೋರಿಸಿ ನನ್ನತ್ತ ಕಣ್ಣು ಮಿಟುಕಿಸಿದರು.

ಹೋಗುವವರಿಗೆ ಎರಡು ಮಾತು: ಗುಂಜಿ, ಆದಿ ಕೈಲಾಸದ ಕಡೆಗೆ ಇನ್ನರ್ ಲೈನ್ ಪರ್ಮಿಟ್ ಬೇಕು, ಅದನ್ನು ಮಾಡಿಸಿಕೊಂಡೇ ಹೊರಡಿ. ಮತ್ತೆ, ಮಲಗುವ ಮುಂಚೆ ಫೋನಿನಲ್ಲಿ ಆಟೋಮ್ಯಾಟಿಕ್ ಟೈಮ್ ಆಫ್ ಮಾಡಿ. ಮಾಡದಿದ್ದರೂ ಪರವಾಗಿಲ್ಲ, ಹದಿನೈದು ನಿಮಿಷ ಮುಂಚೆ ಎದ್ದಿದ್ದಕ್ಕೇ ನನಗೆ ಇಷ್ಟು ಕಥೆ ಸಿಕ್ಕಿದ್ದು.