ಬೀಳುವ ನೀರಿನ ಹೆಸರು

ಮಡಿಕೇರಿಗೆ ಹೋದ ಪ್ರವಾಸಿಗರು ಕಾಫಿ ತೋಟದ ನಡುವೆ ಮೆಟ್ಟಿಲಿಳಿದು ‘ಅಬ್ಬಿ ಜಲಪಾತ’ವನ್ನು ಕಂಡುಬರುವುದು ವಾಡಿಕೆ. ಆ ಹೆಸರಿನಲ್ಲಿ ಒಂದೇ ಮಾತು ಎರಡು ಸಲ ಬಂದಿದೆಯೆಂಬುದು ಅವರಲ್ಲಿ ಎಷ್ಟು ಮಂದಿಗೆ ಹೊಳೆದೀತು? ಅಬ್ಬಿ ಎಂದರೇ ಜಲಪಾತ. ‘ಗೇಟು ಬಾಗಿಲು’ ಎಂದಂತೆ ಇದೂ ಒಂದು!

ಮಲೆನಾಡಿನ ಹಳೆಯ ಮನೆಗಳಲ್ಲಿ ಈ ಪದಕ್ಕೆ ಬೇರೊಂದು ಬಾಳುವೆಯೂ ಇದ್ದಿತು. ಗುಡ್ಡದ ಒರತೆಯ ನೀರನ್ನು, ಸೀಳಿ ತಿರುಳು ತೆಗೆದ ಅಡಿಕೆ ಮರದ ದಂಬೆಗಳ ಮೂಲಕ ಬಚ್ಚಲಿನವರೆಗೆ ಹರಿಸಿ ತರುತ್ತಿದ್ದರು. ಹಗಲಿರುಳೂ ಧಾರೆಯಾಗಿ ಬೀಳುತ್ತಿದ್ದ ಆ ನೀರು ‘ಅಬ್ಬಿ ನೀರು’. ಬೀಳುವ ನೀರು ನೂರಾರು ಅಡಿಯದಾಗಲಿ, ಮೊಳದುದ್ದದ್ದಾಗಲಿ, ಹಳ್ಳಿಗರಿಗೆ ಹೆಸರು ಒಂದೇ. ದಂಬೆಯ ಸ್ಥಾನಕ್ಕೆ ಪ್ಲಾಸ್ಟಿಕ್ ಕೊಳವೆ ಬಂದ ಮೇಲೆ ಆ ಮಾತಿನ ಸದ್ದೂ ತಗ್ಗಿತು.

‘ಜಲಪಾತ’ವಾದರೋ ಸಂಸ್ಕೃತದ್ದು. ‘ಪತ್’ ಧಾತುವಿಗೆ ಬೀಳು ಎಂಬಂತೆಯೇ ಹಾರು ಎಂಬ ಅರ್ಥವೂ ಉಂಟು. ಪತನವೂ ಪತಂಗವೂ ಒಂದೇ ತಾಯಿಯ ಮಕ್ಕಳು. ಜೋಗದ ಎದುರು ನಿಂತವರಿಗೆ ಎರಡೂ ಅರ್ಥ ಒಪ್ಪಿಗೆಯಾಗುತ್ತವೆ: ಬಿದ್ದ ನೀರೇ ತುಂತುರಾಗಿ ಮತ್ತೆ ಮೇಲಕ್ಕೆ ಹಾರುತ್ತದೆ. ಸಂಸ್ಕೃತದ ‘ಪ್ರಪಾತ’ವೂ ಜಲಪಾತವನ್ನು ಸೂಚಿಸಬಲ್ಲುದು. ಕನ್ನಡಕ್ಕೆ ಬಂದ ‘ಪ್ರಪಾತ’ ಮಾತ್ರ ನೀರನ್ನು ಕಳೆದುಕೊಂಡು ಬರಿಯ ಕಡಿದಾದ ಕೊರಕಲಾಗಿ ಉಳಿದಿದೆ.

ನೀರು ಕಳೆದುಕೊಳ್ಳುವ ಪಾಡು ಪದಕ್ಕಷ್ಟೇ ಬಂದದ್ದಲ್ಲ. ಜೋಗದಲ್ಲಿ ಶರಾವತಿ 253 ಮೀಟರು, ಎಂದರೆ 830 ಅಡಿ, ಧುಮುಕುತ್ತಾಳೆ. ರಾಜಾ, ರೋರರ್, ರಾಕೆಟ್, ರಾಣಿ ಎಂಬ ನಾಲ್ಕು ಕವಲುಗಳಲ್ಲಿ ಎರಡು ಇಂಗ್ಲಿಷ್ ಹೆಸರು ಹೊತ್ತಿವೆ. ಒಂದು ಮೊರೆಯುವವನು, ಇನ್ನೊಂದು ಬಾಣಬಿರುಸು. 1948ರಲ್ಲಿ ಇಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ನಾಡಿನ ಮನೆಮನೆಯ ದೀಪಕ್ಕೆ ಆ ನೀರು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇಸಗೆಯ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ದೂರದಿಂದ ಬಂದವರಿಗೆ ಕಾಣುವುದು ಕಪ್ಪು ಬಂಡೆ, ಅದರ ಮೇಲೆ ನಾಲ್ಕು ಬಿಳಿಯ ಎಳೆ. ಮೊರೆಯುವವನ ಮೊರೆತವೆಲ್ಲಿ ಎಂದು ಮಗು ಕೇಳಿದರೆ ಹೆತ್ತವರು ಏನು ಹೇಳಬೇಕು?

ಹಳಬರು ಕಂಡದ್ದನ್ನೇ ಹೆಸರಾಗಿಟ್ಟರು. ಕಾವೇರಿಯ ತುಂತುರು ಬಂಡೆಯಿಂದ ಹೊಗೆಯಂತೆ ಏಳುವ ತಾಣ ಹೊಗೇನಕಲ್ಲು. ಅದು ತಮಿಳುನಾಡಿಗೆ ಸೇರಿದರೂ ಹೆಸರಿನಲ್ಲಿ ಕನ್ನಡದ ಹೊಗೆ ಇನ್ನೂ ಆಡುತ್ತಿದೆ.

ಜೋಗದ ಹೊಗೆ ಕಾಣಬೇಕಾದರೆ ಮುಂಗಾರು ಬಲಿಯಬೇಕು. ಆಗಲೂ ಮಂಜು ಕವಿದು ಕಣಿವೆಯೇ ಮರೆಯಾಗುವುದುಂಟು. ಕೊಡೆ ಹಿಡಿದು ನಿಂತವರಿಗೆ ಏನೂ ಕಾಣದು, ಎದುರಿನ ಬಿಳುಪಿನೊಳಗಿಂದ ಸದ್ದೊಂದೇ ಬರುತ್ತಿರುತ್ತದೆ.