ಗಾಡಿ ಹೊರಡುವ ಮುನ್ನ

ರಜೆ ಬಂತೆಂದರೆ ಮನೆಮಂದಿಗೆಲ್ಲ ಪ್ರವಾಸದ ಹುರುಪು. ಬಟ್ಟೆಬರೆ, ತಿಂಡಿತೀರ್ಥ ಕಟ್ಟಿಕೊಳ್ಳುವ ಸಡಗರದಲ್ಲಿ ಎಲ್ಲರನ್ನೂ ಹೊತ್ತೊಯ್ಯಬೇಕಾದ ಗಾಡಿಯ ಯೋಗಕ್ಷೇಮ ಮಾತ್ರ ಕಡೆಗೆ ಉಳಿದುಬಿಡುತ್ತದೆ.

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಹೆಸರುವಾಸಿಯಾದದ್ದು. ಮೋಟಾರು ವಾಹನಗಳು ಅಪರೂಪವಾಗಿದ್ದ ಕಾಲದಲ್ಲಿ ದೇವನಹಳ್ಳಿ ಸೀಮೆಯ ರೈತ ಕುಟುಂಬಗಳು ಅಲ್ಲಿಗೆ ಹೋಗುತ್ತಿದ್ದುದು ಎತ್ತಿನ ಗಾಡಿ ಕಟ್ಟಿಕೊಂಡೇ. ಗಾಡಿಗೆ ಕಮಾನು ಕಟ್ಟಿ, ಒಳಗೆ ಹುಲ್ಲು ಹಾಸಿ, ಮೇಲೆ ಕಂಬಳಿ ಹರಡಿದರೆ ಅದೇ ಮನೆ. ಪಾತ್ರೆ ಪಡಗ, ರಾಗಿಹಿಟ್ಟು, ಸೌದೆ ಎಲ್ಲವೂ ಅದರಲ್ಲೇ. ಜಾತ್ರೆ ಮುಗಿಯುವವರೆಗೆ ಗಾಡಿಯ ಮಗ್ಗುಲಲ್ಲೇ ಒಲೆ, ಗಾಡಿಯ ಕೆಳಗೇ ನಿದ್ದೆ.

ಆದರೆ ಗಾಡಿ ಹೂಡುವ ಮುಂಚೆ ಮನೆಯ ಹಿರಿಯರು ಅದರ ಸುತ್ತ ಒಂದು ಸುತ್ತು ಬರುತ್ತಿದ್ದರು. ಅಚ್ಚಿಗೆ ಕೀಲೆಣ್ಣೆ ಬಿದ್ದಿದೆಯೇ, ಕಡಾಣಿ ಗಟ್ಟಿಯಾಗಿ ಕೂತಿದೆಯೇ, ಚಕ್ರದ ಕಬ್ಬಿಣದ ಪಟ್ಟಿ ಸಡಿಲವಾಗಿದೆಯೇ, ಎತ್ತುಗಳ ಲಾಳ ಸವೆದಿದೆಯೇ ಎಂದು ನೋಡಿದ ಮೇಲೆಯೇ ನೊಗಕ್ಕೆ ಎತ್ತು. ಬೆರಳುದ್ದದ ಕಡಾಣಿ ಕಳಚಿದರೆ ಚಕ್ರವೇ ಕಳಚುತ್ತದೆಂಬುದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇಂದು ಆ ಕಮಾನು ಗಾಡಿಯ ಜಾಗಕ್ಕೆ ಮೋಟಾರ್‌ಹೋಮ್ ಬಂದಿದೆ. ಸಿನಿಮಾ ಚಿತ್ರೀಕರಣದ ಸ್ಥಳದಲ್ಲಿ ತಾರೆಯರಿಗಾಗಿ ನಿಲ್ಲುವ ಕ್ಯಾರವಾನ್ ಎಂದರೆ ಹೆಚ್ಚಿನವರಿಗೆ ಗುರುತು ಸಿಗುತ್ತದೆ. ಮಲಗಲು ಹಾಸಿಗೆ, ಪುಟ್ಟ ಅಡುಗೆಮನೆ, ನೀರಿನ ತೊಟ್ಟಿ, ಶೌಚಾಲಯ ಎಲ್ಲವೂ ಇರುವ ಗಾಲಿಯ ಮೇಲಿನ ಮನೆ ಅದು. ನೆರೆಯ ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿಯೊಂದನ್ನು ಪ್ರಕಟಿಸಿತು. ನಮ್ಮಲ್ಲಿ ಸ್ವಂತ ಮೋಟಾರ್‌ಹೋಮ್ ಇರುವ ಮನೆಗಳು ವಿರಳ. ಬಾಡಿಗೆ ವ್ಯಾನಿನಲ್ಲಿ ಹತ್ತು ಹನ್ನೆರಡು ಮಂದಿ ಹೊರಡುವುದೇ ವಾಡಿಕೆ. ಗಾಡಿ ಯಾವುದಾದರೂ ಸಿದ್ಧತೆಯ ಪಾಠ ಒಂದೇ.

ಆ ಪಾಠ ಕಲಿಯಲು ದೇವನಹಳ್ಳಿಗಿಂತ ತಕ್ಕ ಊರು ಬೇಕಿಲ್ಲ. ಹಿಂದೆ 7ನೇ ಸಂಖ್ಯೆಯದಾಗಿದ್ದು ಈಗ 44 ಎನಿಸಿಕೊಂಡಿರುವ ರಾಷ್ಟ್ರೀಯ ಹೆದ್ದಾರಿ ಇಲ್ಲಿಂದ ಚಿಕ್ಕಬಳ್ಳಾಪುರ, ಅನಂತಪುರ ದಾಟಿ ಹೈದರಾಬಾದಿನತ್ತ ಸಾಗುತ್ತದೆ. ದೊಡ್ಡಬಳ್ಳಾಪುರ ಮತ್ತು ಹೊಸಕೋಟೆಗಳನ್ನು ಜೋಡಿಸುವ 648ನೇ ಹೆದ್ದಾರಿ ಊರನ್ನು ಹಾದುಹೋಗುತ್ತದೆ. ಒಂದು ಕಡೆ ಬಿಸಿಲ ಸೀಮೆಯ ನೇರ ರಸ್ತೆ, ಇನ್ನೊಂದು ಕಡೆ ಕಣ್ಣಳತೆಯಲ್ಲೇ ನಂದಿಬೆಟ್ಟದ ತಿರುವುಗಳು. ಒಂದು ಟೈರನ್ನು ಪರೀಕ್ಷಿಸಿದರೆ, ಇನ್ನೊಂದು ಬ್ರೇಕನ್ನು ಪರೀಕ್ಷಿಸುತ್ತದೆ.

ಟೈರಿನ ಜಾತಕ

ಪ್ರತಿ ಟೈರಿನ ಪಕ್ಕದಲ್ಲಿ ಅದರ ಜನ್ಮದಿನ ಅಚ್ಚಾಗಿರುತ್ತದೆ. ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ತಿಳಿಸುತ್ತವೆ. 2319 ಎಂದಿದ್ದರೆ ಆ ಟೈರು 2019ರ 23ನೇ ವಾರದಲ್ಲಿ ತಯಾರಾದದ್ದು. ಮೋಟಾರ್‌ಹೋಮ್‌ನಂಥ ಗಾಡಿ ವರ್ಷದ ಬಹುಪಾಲು ನಿಂತೇ ಇರುವುದರಿಂದ ಅದರ ಟೈರು ಸವೆಯುವ ಮೊದಲೇ ಹಳತಾಗುತ್ತದೆ. ಅಚ್ಚು ಚೆನ್ನಾಗಿ ಕಂಡರೂ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದರೆ ಅದನ್ನು ನಂಬುವಂತಿಲ್ಲ. ಟೈರಿನ ಸಾಲುಗಳ ನಡುವೆ ಸಣ್ಣ ಉಬ್ಬುಗಳಿರುತ್ತವೆ. ಅಚ್ಚು ಸವೆದು ಆ ಉಬ್ಬಿನ ಮಟ್ಟಕ್ಕೆ ಬಂತೆಂದರೆ ಉಳಿದಿರುವ ಆಳ 1.6 ಮಿಲಿಮೀಟರ್ ಮಾತ್ರ. ಬದಲಿಸಲೇಬೇಕು.

ಗಾಳಿ ಕಡಿಮೆಯಾದ ಟೈರು ಉರುಳುವಾಗ ಹೆಚ್ಚು ಬಳುಕುತ್ತದೆ, ಬಳುಕಿದಷ್ಟೂ ಕಾಯುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ತುಂಬಿದ ಗಾಡಿ ಅನಂತಪುರದ ದಾರಿ ಹಿಡಿದಾಗ ಇಂಥ ಟೈರು ಸಿಡಿಯುವ ಅಪಾಯ ಹೆಚ್ಚು. ಆದ್ದರಿಂದ ಬೆಳಗ್ಗೆ ಟೈರು ತಣ್ಣಗಿರುವಾಗಲೇ ಗಾಳಿ ಅಳೆಯಬೇಕು. ಸ್ಟೆಪ್ನಿಯ ಗಾಳಿಯನ್ನೂ ನೋಡಬೇಕು. ಜಾಕ್ ಮತ್ತು ವೀಲ್ ಸ್ಪ್ಯಾನರ್ ಗಾಡಿಯಲ್ಲಿವೆಯೇ ಎಂದು ಕಣ್ಣಾರೆ ಕಾಣಬೇಕು.

ರೇಡಿಯೇಟರ್ ಮತ್ತು ಕುಕ್ಕರ್

ಎಂಜಿನ್ ಆಯಿಲ್ ನೋಡುವಾಗ ಗಾಡಿ ಸಮತಟ್ಟಾದ ಜಾಗದಲ್ಲಿರಬೇಕು, ಎಂಜಿನ್ ನಿಂತು ಸ್ವಲ್ಪ ಹೊತ್ತಾಗಿರಬೇಕು. ಕಡ್ಡಿಯನ್ನು ಒರೆಸಿ, ಮತ್ತೆ ಅದ್ದಿ ತೆಗೆದರೆ ಎರಡು ಗೆರೆಗಳ ನಡುವೆ ಎಣ್ಣೆ ಕಾಣಬೇಕು. ಫ್ಯಾನ್ ಬೆಲ್ಟಿನಲ್ಲಿ ಬಿರುಕು, ರಬ್ಬರ್ ಕೊಳವೆಗಳಲ್ಲಿ ಉಬ್ಬು ಕಂಡರೆ ಊರಲ್ಲೇ ಬದಲಿಸುವುದು ಲೇಸು.

ರೇಡಿಯೇಟರಿನ ಮುಚ್ಚಳದ ವಿಷಯದಲ್ಲಿ ಅಡುಗೆಮನೆಯ ಕುಕ್ಕರನ್ನು ನೆನೆಯಬೇಕು. ಒತ್ತಡ ಹೆಚ್ಚಿದಂತೆ ನೀರು ಕುದಿಯುವ ಉಷ್ಣತೆಯೂ ಹೆಚ್ಚುತ್ತದೆ. ಇದು ಪ್ರೌಢಶಾಲೆಯ ಪಾಠ. ಕಾದ ಎಂಜಿನ್ನಿನ ಮುಚ್ಚಳ ತೆರೆದೊಡನೆ ಒತ್ತಡ ಇಳಿದು, ಒಳಗಿನ ದ್ರವ ಥಟ್ಟನೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ಸೀಟಿ ಇಳಿಯದ ಕುಕ್ಕರನ್ನು ಯಾರೂ ತೆರೆಯುವುದಿಲ್ಲ, ಇದನ್ನೂ ತೆರೆಯಬಾರದು.

ಬೆಟ್ಟ ಇಳಿಯುವ ಲೆಕ್ಕ

ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ತಪ್ಪಲಿನಿಂದ ಸುಮಾರು 500 ಮೀಟರ್ ಏರಿಕೆ. ನಾಲ್ಕು ಟನ್ ತೂಕದ ಗಾಡಿಯೊಂದು ಅಷ್ಟು ಇಳಿದರೆ ಎಷ್ಟು ಶಕ್ತಿ ಬಿಡುಗಡೆಯಾಗುತ್ತದೆಂದು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. 4,000 ಕಿಲೋಗ್ರಾಂ, ಗುರುತ್ವದ 9.8, ಎತ್ತರದ 500 ಇವುಗಳನ್ನು ಗುಣಿಸಿದರೆ 1 ಕೋಟಿ 96 ಲಕ್ಷ ಜೂಲ್. ಸುಮಾರು 60 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಶಕ್ತಿ ಸಾಕು.

ಇಳಿಯುವ ಉದ್ದಕ್ಕೂ ಬ್ರೇಕನ್ನೇ ಒತ್ತಿ ಹಿಡಿದರೆ ಈ ಶಾಖದ ಬಹುಪಾಲು ಬ್ರೇಕಿನಲ್ಲೇ ಸೇರುತ್ತದೆ. ಆಗ ಬ್ರೇಕ್ ಹಿಡಿತ ಕಳೆದುಕೊಳ್ಳುತ್ತದೆ. ಹೈಡ್ರಾಲಿಕ್ ಬ್ರೇಕಿನ ಆಯಿಲ್ ಗಾಳಿಯ ತೇವವನ್ನು ಹೀರುವ ಗುಣದ್ದು. ಹಳೆಯ ಆಯಿಲ್ ಬೇಗ ಕುದಿದು ಆವಿಯಾದರೆ ಪೆಡಲ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಿ ಎನ್ನುವುದು ಇದಕ್ಕಾಗಿಯೇ. ಘಾಟಿ ಇಳಿಯುವಾಗ ಕೆಳ ಗೇರಿನಲ್ಲಿದ್ದು ಎಂಜಿನ್ನಿಗೇ ಗಾಡಿ ತಡೆಯಲು ಬಿಡಬೇಕು. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಸುವುದು ಮಕ್ಕಳ ಪ್ರಾಣವನ್ನು ಪಣಕ್ಕಿಟ್ಟಂತೆ.

ಮನೆಯ ಭಾಗ

ಮೋಟಾರ್‌ಹೋಮ್‌ನಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿ. ಒಂದು ಎಂಜಿನ್ ಹೊತ್ತಿಸಲು, ಇನ್ನೊಂದು ಮನೆಯ ದೀಪ, ಫ್ಯಾನಿಗೆ. ಹನ್ನೆರಡು ವೋಲ್ಟಿನ ಸೀಸದ ಬ್ಯಾಟರಿ ಪೂರ್ತಿ ತುಂಬಿ ವಿಶ್ರಾಂತಿಯಲ್ಲಿದ್ದಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ನೂರು ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಅರ್ಧದಷ್ಟನ್ನೇ ಬಳಸಿದರೆ ಅದು ಬಾಳಿಕೆ ಬರುತ್ತದೆ. ದೀಪ, ಫ್ಯಾನು ಸೇರಿ 5 ಆಂಪಿಯರ್ ಎಳೆದರೆ 10 ಗಂಟೆ, ಅಂದರೆ ಒಂದು ರಾತ್ರಿಗೆ ಸರಿಹೋಯಿತು.

ನೀರಿಗೆ ತೂಕವಿದೆ ಎಂಬುದನ್ನು ಮರೆಯಬಾರದು. ನೂರು ಲೀಟರ್ ತೊಟ್ಟಿಯೆಂದರೆ ನೂರು ಕಿಲೋ. ಭಾರವಾದ ಸಾಮಾನು ಕೆಳಗೆ, ಹಗುರವಾದದ್ದು ಮೇಲೆ ಇರಲಿ. ಮಾಡಿನ ಮೇಲೆ ಹೊರೆ ಏರಿಸಿದಷ್ಟೂ ತಿರುವಿನಲ್ಲಿ ಗಾಡಿ ವಾಲುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತಿದ್ದರೆ ತೊಟ್ಟಿಯ ಹಳೆಯ ನೀರು ಚೆಲ್ಲಿ, ತೊಳೆದು, ಹೊಸ ನೀರು ತುಂಬಬೇಕು.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಗ್ಯಾಸಿನ ವಿಷಯದಲ್ಲಿ. 2023ರ ಆಗಸ್ಟ್ 26ರಂದು ಮದುರೆ ರೈಲು ನಿಲ್ದಾಣದ ಬಳಿ ನಿಂತಿದ್ದ ಯಾತ್ರಿಕರ ಬೋಗಿಗೆ ಬೆಂಕಿ ಬಿದ್ದು 9 ಮಂದಿ ಸತ್ತರು. ಅವರು ಉತ್ತರಪ್ರದೇಶದಿಂದ ತೀರ್ಥಯಾತ್ರೆಗೆ ಬಂದಿದ್ದವರು. ನಿಯಮ ಮೀರಿ ಬೋಗಿಯೊಳಕ್ಕೆ ತಂದಿದ್ದ ಗ್ಯಾಸ್ ಸಿಲಿಂಡರೇ ಕಾರಣವೆಂದು ರೈಲ್ವೆ ತಿಳಿಸಿತು. ದಾರಿಯಲ್ಲೇ ಕಾಫಿ, ಉಪ್ಪಿಟ್ಟು ಮಾಡಿಕೊಳ್ಳೋಣವೆಂದು ಬಾಡಿಗೆ ವ್ಯಾನಿನ ಡಿಕ್ಕಿಯಲ್ಲಿ ಸಿಲಿಂಡರ್ ಇಟ್ಟುಕೊಳ್ಳುವವರು ಇದನ್ನು ನೆನಪಿಡಬೇಕು. ಅಡುಗೆಗೆಂದೇ ಕಟ್ಟಿದ ಮೋಟಾರ್‌ಹೋಮ್‌ನಲ್ಲೂ ಸಿಲಿಂಡರ್ ನೆಟ್ಟಗೆ ನಿಂತು ಬಿಗಿಯಾಗಿ ಕಟ್ಟಿರಬೇಕು, ಚಲಿಸುವಾಗ ಅದನ್ನು ಮುಚ್ಚಿರಬೇಕು. ಕೊಳವೆಯ ಕೀಲುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಬೇಕು. ಈ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ಚಳಿಯೆಂದು ಕಿಟಕಿ ಮುಚ್ಚಿ ಒಲೆಯನ್ನೋ ಕೆಂಡವನ್ನೋ ಉರಿಸಿಕೊಂಡು ಮಲಗುವುದಂತೂ ಕೂಡದು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಅದು ಮಲಗಿದವರನ್ನು ಎಬ್ಬಿಸದೆಯೇ ಕೊಲ್ಲುತ್ತದೆ.

ಕೇಳಲು ಸಂಕೋಚ ಬೇಡ

ಬಾಡಿಗೆ ಗಾಡಿಯಾಗಲಿ, ಶಾಲಾ ಪ್ರವಾಸದ ಬಸ್ಸಾಗಲಿ, ಪಾಲಕರು ಕೆಲವು ಪ್ರಶ್ನೆಗಳನ್ನು ಕೇಳಲೇಬೇಕು. ಅರ್ಹತಾ ಪತ್ರ, ವಿಮೆ, ಪರವಾನಗಿ, ಹೊಗೆ ತಪಾಸಣೆಯ ಪತ್ರ ಚಾಲ್ತಿಯಲ್ಲಿವೆಯೇ? ತುರ್ತು ಬಾಗಿಲು ತೆರೆಯುತ್ತದೆಯೇ, ಅಥವಾ ಅದಕ್ಕೆ ಅಡ್ಡಲಾಗಿ ಸೀಟು ಹಾಕಿದ್ದಾರೆಯೇ? ಬೆಂಕಿ ಆರಿಸುವ ಸಿಲಿಂಡರಿನ ಮುಳ್ಳು ಹಸಿರು ಭಾಗದಲ್ಲಿದೆಯೇ? ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಔಷಧಿ ಇದೆಯೇ, ಬರಿಯ ಪೆಟ್ಟಿಗೆಯೇ?

ಕೊನೆಯ ಪ್ರಶ್ನೆ ಚಾಲಕನ ನಿದ್ದೆಯದು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಸಾಮಾನ್ಯವಾಗಿ ದಿನಕ್ಕೆ 8 ಗಂಟೆಯ ದುಡಿಮೆಯನ್ನು ಗೊತ್ತುಪಡಿಸಿತ್ತು. 5 ಗಂಟೆ ದುಡಿಯುವಷ್ಟರಲ್ಲಿ ಅರ್ಧ ಗಂಟೆಯಾದರೂ ಬಿಡುವು ಇರಬೇಕೆಂದಿತ್ತು. ಒಂದು ದಿನದ ವಸತಿ ಖರ್ಚು ಉಳಿಸಲು ರಾತ್ರಿಯಿಡೀ ಓಡಿಸು ಎನ್ನುವವರು ಹಲವೊಮ್ಮೆ ಪ್ರಯಾಣಿಕರೇ. ಹಗಲೆಲ್ಲ ಸ್ಟಿಯರಿಂಗ್ ಹಿಡಿದವನ ಕಣ್ಣು ನಸುಕಿನಲ್ಲಿ ಮುಚ್ಚಿದರೆ ಹೊಸ ಟೈರೂ ಕಾಪಾಡದು, ಹೊಸ ಬ್ರೇಕೂ ಕಾಪಾಡದು. ಆತನಿಗೂ ಊಟ, ಮಲಗಲು ಒಂದು ಜಾಗ ಕೊಡುವುದು ಉಪಕಾರವಲ್ಲ, ಪ್ರವಾಸದ ಸಿದ್ಧತೆಯ ಒಂದು ಭಾಗ.

ಈ ತಪಾಸಣೆಯ ಪಟ್ಟಿಯನ್ನು ಮನೆಯ ಮಕ್ಕಳ ಕೈಗೇ ಕೊಡಬಹುದು. ಹೊರಡಲು ವಾರವಿರುವಾಗ ಒಂದು ನೋಟ್ ಪುಸ್ತಕದಲ್ಲಿ ಟೈರಿನ ಗಾಳಿ, ಬ್ಯಾಟರಿಯ ವೋಲ್ಟ್, ಎಣ್ಣೆಯ ಮಟ್ಟ, ಓಡಿದ ಕಿಲೋಮೀಟರು ಬರೆದಿಡಲಿ. ಕೊರತೆ ಕಂಡರೆ ಮೆಕ್ಯಾನಿಕ್ ಬಳಿ ಹೋಗಿ ಸರಿಪಡಿಸಲು ಸಮಯವಿರುತ್ತದೆ. ಪುಸ್ತಕದಲ್ಲಿ ಓದಿದ ಒತ್ತಡ, ಉಷ್ಣ, ವಿದ್ಯುತ್ತು ಕೈಗೆ ಸಿಗುತ್ತವೆ. ಘಾಟಿ ಜಾತ್ರೆಗೆ ಹೊರಟ ಅಜ್ಜ ಗಾಡಿಯ ಸುತ್ತ ಬರುವಾಗ ಕೀಲೆಣ್ಣೆಯ ಗೊಟ್ಟ ಹಿಡಿದು ಹಿಂದೆಯೇ ಓಡುತ್ತಿದ್ದುದು ಮೊಮ್ಮಕ್ಕಳೇ. ಆ ಒಂದು ಸುತ್ತು ಬರಲು ಈಗಲೂ ಅರ್ಧ ಗಂಟೆ ಸಾಕು.